ನ್ಯೂಆರ್ಕಿನ ಅಷ್ಟಕೋಣವೂ ಗಗನಚಿತ್ರದ ಪ್ರಾಮಾಣ್ಯವೂ

೧. ವಿಷಯಪ್ರವೇಶ

ಗಾಲ್ಫ್ ಆಟದ ಮೈದಾನಗಳನ್ನು ಡ್ರೋನ್ ಎಂಬ ಚಾಲಕರಹಿತವಾದ ಸಣ್ಣ ವಿಮಾನಗಳ ಮೂಲಕ ಮೇಲಿನಿಂದ ಚಿತ್ರೀಕರಿಸುವುದು ಈಗ ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯವಾದ ಪದ್ಧತಿಯಾಗಿದೆ. ಅಂತಹ ಚಿತ್ರಗಳಲ್ಲಿ ಹುಲ್ಲುಹಾಸು, ಮರಳುಗುಂಡಿಗಳು, ನೀರಿನ ಮಡುಗಳು, ಧ್ವಜ ನೆಟ್ಟ ಕುಳಿಗಳು ಕಾಣುವುದು ಸಹಜವೇ ಆಗಿದೆ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಒಹಾಯೊ ರಾಜ್ಯಕ್ಕೆ ಸೇರಿದ ನ್ಯೂಆರ್ಕ್ ಪಟ್ಟಣದ ಒಂದು ಮೈದಾನವನ್ನು ಮೇಲಿನಿಂದ ನೋಡಿದವರಿಗೆ ಈ ಆಟದ ಏರ್ಪಾಟುಗಳ ನಡುವೆ ಮತ್ತೊಂದು ರಚನೆಯು ಗೋಚರವಾಗುತ್ತಿತ್ತು. ಕೈವಾರದಿಂದ ಎಳೆದಂತಿರುವ ಒಂದು ವರ್ತುಲ, ಅದಕ್ಕೆ ಕಿರಿದಾದ ಹಾದಿಯಿಂದ ಸೇರಿಕೊಂಡ ಒಂದು ವಿಶಾಲವಾದ ಅಷ್ಟಕೋಣ, ಇವೆರಡೂ ಮಣ್ಣಿನ ಏರಿಗಳಿಂದ ಕಟ್ಟಲ್ಪಟ್ಟು ಸುಮಾರು ಎರಡು ಸಾವಿರ ವರ್ಷಗಳಿಂದ ಅಲ್ಲಿ ನಿಂತಿವೆ. ೧೯೧೧ರಿಂದ ೨೦೨೪ರ ಕೊನೆಯವರೆಗೆ ಇವುಗಳ ಮೇಲೆಯೇ ಗಾಲ್ಫ್ ಆಟವು ನಡೆಯಿತು.

ಈ ಸ್ಥಳವನ್ನು ಮೇಲಿನಿಂದ ನೋಡುವ ಪ್ರಯತ್ನವು ಡ್ರೋನಿನಿಂದ ಮೊದಲಾದುದಲ್ಲ. ನಕ್ಷೆ ಬರೆದವರು, ವಿಮಾನದಲ್ಲಿ ಕುಳಿತು ಛಾಯಾಚಿತ್ರ ತೆಗೆದವರು, ಡ್ರೋನನ್ನು ಹಾರಿಸಿದವರು, ಹೀಗೆ ಇದಕ್ಕೊಂದು ಪರಂಪರೆಯುಂಟು. ಆ ಪರಂಪರೆಯನ್ನು ಕ್ರಮವಾಗಿ ನಿರೂಪಿಸಿ, ಇತಿಹಾಸಶೋಧನೆಯಲ್ಲಿ ಗಗನಚಿತ್ರಕ್ಕೆ ಎಷ್ಟರ ಮಟ್ಟಿಗೆ ಪ್ರಾಮಾಣ್ಯವಿದೆಯೆಂಬುದನ್ನು ನಿರ್ಣಯಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

೨. ರಚನೆಯ ಸ್ವರೂಪ

ಈ ಏರಿಗಳನ್ನು ಕಟ್ಟಿದವರನ್ನು ಪುರಾತತ್ತ್ವಜ್ಞರು ಹೋಪ್‌ವೆಲ್ ಸಂಸ್ಕೃತಿಯವರೆಂದು ಕರೆಯುತ್ತಾರೆ. ಇದು ಅವರು ತಮಗೆ ಇಟ್ಟುಕೊಂಡ ಹೆಸರಲ್ಲ. ಅದೇ ರಾಜ್ಯದಲ್ಲಿ ಉತ್ಖನನ ನಡೆದ ಒಂದು ಹೊಲದ ಒಡೆಯನ ಹೆಸರಿನಿಂದ ಬಂದುದು. ಅವರಲ್ಲಿ ಲಿಪಿಯಿರಲಿಲ್ಲ, ಭಾರ ಎಳೆಯುವ ಪಶುಗಳಿರಲಿಲ್ಲ. ಅಗೆಯುವ ಕೋಲುಗಳಿಂದ ಮಣ್ಣನ್ನು ಸಡಿಲಿಸಿ, ಬುಟ್ಟಿಗಳಲ್ಲಿ ಹೊತ್ತು ತಂದು ಅವರು ಈ ಏರಿಗಳನ್ನು ಎತ್ತಿದರು. ಅವರ ದಿಬ್ಬಗಳಲ್ಲಿ ಸುಪೀರಿಯರ್ ಸರೋವರದ ತೀರದ ತಾಮ್ರ, ಅಪಲೇಚಿಯನ್ ಪರ್ವತಗಳ ಅಭ್ರಕ, ಮೆಕ್ಸಿಕೊ ಕೊಲ್ಲಿಯ ಶಂಖಗಳು, ದೂರದ ಯೆಲ್ಲೊಸ್ಟೋನ್ ಪ್ರದೇಶದ ಕಪ್ಪು ಗಾಜುಗಲ್ಲು ಇವೆಲ್ಲವೂ ದೊರೆತಿರುವುದರಿಂದ ಅವರ ಸಂಬಂಧಗಳು ಆ ಖಂಡದ ಬಹುಭಾಗಕ್ಕೆ ಹಬ್ಬಿದ್ದುವೆಂದು ತಿಳಿಯುತ್ತದೆ.

ನ್ಯೂಆರ್ಕಿನಲ್ಲಿ ಅವರು ನಿರ್ಮಿಸಿದ ರಚನೆಗಳು ಮೂಲತಃ ಸುಮಾರು ೪ ಚದರ ಮೈಲಿಗಳಷ್ಟು ನೆಲವನ್ನು ವ್ಯಾಪಿಸಿದ್ದುವು. ಇವುಗಳಲ್ಲಿ ಪ್ರಧಾನವಾದುವು ನಾಲ್ಕು: ಸುಮಾರು ೧೨೦೦ ಅಡಿ ವ್ಯಾಸದ ಮಹಾವರ್ತುಲ, ರೈಟ್ ಚತುರಸ್ರವೆಂದು ಹೆಸರಾದ ಚೌಕ, ೧೦೫೪ ಅಡಿ ವ್ಯಾಸದ, ಸುಮಾರು ೨೦ ಎಕರೆಗಳನ್ನೊಳಗೊಂಡ ಮತ್ತೊಂದು ವರ್ತುಲ, ಅದಕ್ಕೆ ಸೇರಿಕೊಂಡ ಸುಮಾರು ೫೦ ಎಕರೆಗಳ ಅಷ್ಟಕೋಣ. ಅಷ್ಟಕೋಣದ ಒಂದೊಂದು ಬಾಹುವೂ ಸುಮಾರು ೫೫೦ ಅಡಿ ಉದ್ದವಾಗಿ, ೫–೬ ಅಡಿ ಎತ್ತರವಾಗಿದೆ. ಮೂಲೆಗಳಲ್ಲಿ ದ್ವಾರಗಳನ್ನು ಬಿಟ್ಟು, ಒಳಗಡೆ ದ್ವಾರಕ್ಕೆ ಮರೆಯಾಗುವಂತೆ ಸಣ್ಣ ದಿಬ್ಬಗಳನ್ನು ಹಾಕಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಲುವೆ, ರೈಲುದಾರಿ, ಬೀದಿ, ಮನೆಗಳು ಬಂದುದರಿಂದ ಚತುರಸ್ರವು ಬಹುಮಟ್ಟಿಗೆ ನಾಶವಾಯಿತು. ಮಹಾವರ್ತುಲವೂ, ವರ್ತುಲಸಹಿತವಾದ ಅಷ್ಟಕೋಣವೂ ಮಾತ್ರ ಉಳಿದುಕೊಂಡುವು.

೩. ನೆಲದ ಮೇಲೆ ನಿಂತು ಬರೆದ ಗಗನದರ್ಶನ

ಐದಾರು ಅಡಿ ಎತ್ತರದ ಏರಿಯು ಮನುಷ್ಯನ ಕಣ್ಣಿನ ಮಟ್ಟಕ್ಕೆ ಸಮಾನವಾಗಿರುವುದರಿಂದ, ಅದರ ಪಕ್ಕದಲ್ಲಿ ನಿಂತವನಿಗೆ ಒಂದು ಬಾಹು ಕಾಣುವುದೇ ಹೊರತು ಇಡೀ ಆಕೃತಿಯು ಕಾಣಲಾರದು. ಹೀಗಿದ್ದರೂ ವಿಮಾನವಿಲ್ಲದ ಕಾಲದಲ್ಲಿಯೇ ಈ ಆಕೃತಿಯು ಕಾಗದದ ಮೇಲೆ ಮೂಡಿತು. ೧೮೨೦ರಲ್ಲಿ ಕೇಲಬ್ ಅಟ್‌ವಾಟರನು ನ್ಯೂಆರ್ಕಿನ ರಚನೆಗಳ ವರ್ಣನೆಯನ್ನು ಪ್ರಕಟಿಸಿದನು. ೧೮೪೮ರಲ್ಲಿ ಎಫ್ರೇಯಿಮ್ ಸ್ಕ್ವಯರ್ ಮತ್ತು ಎಡ್ವಿನ್ ಡೇವಿಸ್ ಎಂಬವರು ಮಿಸಿಸಿಪಿ ಕಣಿವೆಯ ಪ್ರಾಚೀನ ಸ್ಮಾರಕಗಳನ್ನು ಕುರಿತು ಬರೆದ ಗ್ರಂಥದಲ್ಲಿ ಚಾರ್ಲ್ಸ್ ವಿಟ್ಲ್‌ಸಿಯ ಅಳತೆಗಳನ್ನು ಆಧರಿಸಿದ ನಕ್ಷೆಯು ಬಂದಿತು. ಸ್ಮಿತ್‌ಸೋನಿಯನ್ ಸಂಸ್ಥೆಯು ತನ್ನ ಜ್ಞಾನಗ್ರಂಥಮಾಲೆಯಲ್ಲಿ ಮೊದಲು ಹೊರತಂದುದು ಇದೇ ಗ್ರಂಥ. ಆ ನಕ್ಷೆಯನ್ನು ನೋಡುವವನು ಆಕಾಶದಲ್ಲಿ ನಿಂತು ಕೆಳಗೆ ನೋಡುತ್ತಿರುವಂತೆ ಭಾಸವಾಗುತ್ತದೆ. ಆದರೆ ಅದನ್ನು ಬರೆದವರು ಆಕಾಶಕ್ಕೆ ಏರಿದವರಲ್ಲ. ಸರಪಣಿಯನ್ನೂ ದಿಕ್ಸೂಚಿಯನ್ನೂ ಹಿಡಿದು ನೆಲದ ಮೇಲೆ ನಡೆದವರು.

ಆಕೃತಿಯು ತಿಳಿದಮಾತ್ರಕ್ಕೆ ಅದರ ಕರ್ತೃಗಳು ತಿಳಿಯಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಇಷ್ಟು ನಿಷ್ಕೃಷ್ಟವಾದ ರೇಖಾಗಣಿತವು ಅಮೆರಿಕದ ಮೂಲನಿವಾಸಿಗಳಿಗೆ ಅಸಾಧ್ಯವೆಂದು ಬಗೆದು, ಯಾವುದೋ ಒಂದು ಲುಪ್ತಜನಾಂಗವು ಇದನ್ನು ಕಟ್ಟಿ ಕಣ್ಮರೆಯಾಯಿತೆಂದು ಅನೇಕರು ನಂಬಿದ್ದರು. ಅದೇ ಶತಮಾನದಲ್ಲಿ, ಅದರಲ್ಲಿಯೂ ೧೮೩೦ರ ಶಾಸನದ ತರುವಾಯ, ಶಾನೀ ಮೊದಲಾದ ಕುಲಗಳನ್ನು ಒಹಾಯೊ ಪ್ರಾಂತದಿಂದ ಪಶ್ಚಿಮಕ್ಕೆ ಸಾಗಿಸಲಾಯಿತು. ನೆಲವನ್ನು ಕಳೆದುಕೊಂಡವರಿಗೆ ಆ ನೆಲದ ಪ್ರಾಚೀನಕೀರ್ತಿಯೂ ಸಲ್ಲದೆಂಬ ಮತವು ಆ ಕಾಲಕ್ಕೆ ಎಷ್ಟು ಅನುಕೂಲವಾಗಿತ್ತೆಂಬುದನ್ನು ವಿವರಿಸಬೇಕಾದುದಿಲ್ಲ. ೧೮೯೪ರಲ್ಲಿ ಸೈರಸ್ ಥಾಮಸನು ಪ್ರಕಟಿಸಿದ ವಿಸ್ತಾರವಾದ ವರದಿಯು ಈ ಲುಪ್ತಜನಾಂಗವಾದವನ್ನು ಖಂಡಿಸಿ, ದಿಬ್ಬಗಳನ್ನು ಕಟ್ಟಿದವರು ಮೂಲನಿವಾಸಿಗಳ ಪೂರ್ವಜರೇ ಎಂದು ಸ್ಥಾಪಿಸಿತು. ವರ್ತುಲವು ಪರಿಪೂರ್ಣವೃತ್ತಕ್ಕೆ ಎಷ್ಟು ಸಮೀಪವಾಗಿದೆಯೆಂಬುದೂ ಆತನ ಸಹಾಯಕರ ಅಳತೆಯಿಂದಲೇ ದೃಢಪಟ್ಟಿತು.

೪. ಬೆಲೂನಿನಿಂದ ವಿಮಾನಕ್ಕೆ

ಗಗನದಿಂದ ಛಾಯಾಚಿತ್ರ ತೆಗೆಯುವ ವಿದ್ಯೆಯು ೧೮೫೮ರಲ್ಲಿ ಫ್ರಾನ್ಸಿನ ನಾದಾರ್ ಎಂಬಾತನು ಬೆಲೂನಿನಲ್ಲಿ ಏರಿದಾಗ ಹುಟ್ಟಿತು. ಆತನ ಮೊದಲ ಚಿತ್ರಗಳು ಉಳಿದಿಲ್ಲ. ಈಗ ಉಳಿದಿರುವ ಇಂತಹ ಚಿತ್ರಗಳಲ್ಲಿ ಅತ್ಯಂತ ಹಳೆಯದೆಂದು ಹೇಳಲಾಗುವುದು ೧೮೬೦ರಲ್ಲಿ ಜೇಮ್ಸ್ ವಾಲೆಸ್ ಬ್ಲ್ಯಾಕ್ ತೆಗೆದ ಬಾಸ್ಟನ್ ನಗರದ ಚಿತ್ರ. ೧೯೦೬ರಲ್ಲಿ ಇಂಗ್ಲೆಂಡಿನ ಸ್ಟೋನ್‌ಹೆಂಜನ್ನು ಸೇನೆಯ ಬೆಲೂನಿನಿಂದ ಚಿತ್ರೀಕರಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಶತ್ರುಗಳ ಕಂದಕಗಳನ್ನು ಗುರುತಿಸಲು ಬೆಳೆದ ಈ ವಿದ್ಯೆಯನ್ನು ಯುದ್ಧಾನಂತರ ಓ. ಜಿ. ಎಸ್. ಕ್ರಾಫರ್ಡ್ ಪುರಾತತ್ತ್ವಕ್ಕೆ ಅನ್ವಯಿಸಿದನು. ಆತನೂ ಅಲೆಕ್ಸಾಂಡರ್ ಕೀಲರನೂ ಸೇರಿ ವೆಸೆಕ್ಸ್ ಪ್ರದೇಶದ ಗಗನಚಿತ್ರಗಳನ್ನು ೧೯೨೮ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಬೆಳಗು ಬೈಗುಗಳ ಓರೆಬಿಸಿಲಿನಲ್ಲಿ ತಗ್ಗಾದ ಏರಿಯೂ ನೀಳವಾದ ನೆರಳನ್ನು ಚೆಲ್ಲುವುದೆಂಬುದೂ, ಹೂತುಹೋದ ಕಂದಕದ ಮೇಲೆ ಬೆಳೆಯುವ ಪೈರು ಬೇರೆ ಬಣ್ಣ ತಾಳುವುದೆಂಬುದೂ ಇವರಿಂದ ಶಾಸ್ತ್ರರೂಪವನ್ನು ಪಡೆದುವು.

ಅಮೆರಿಕದಲ್ಲಿ ೧೯೨೧–೨೨ರಲ್ಲಿ ಕಹೋಕಿಯಾ ದಿಬ್ಬಗಳನ್ನು ವಿಮಾನದಿಂದ ಚಿತ್ರೀಕರಿಸಿದರು. ೧೯೩೪ರಲ್ಲಿ ಸೇನೆಯ ಅಧಿಕಾರಿ ಡೇಷ್ ರೀವ್ಸ್ ಒಹಾಯೊ ರಾಜ್ಯದ ಪ್ರಾಚೀನ ಏರಿಗಳ ಮೇಲೆ ಹಾರಿ ಅನೇಕ ಚಿತ್ರಗಳನ್ನು ತೆಗೆದನು. ಅಷ್ಟರಲ್ಲಿ ನ್ಯೂಆರ್ಕಿನ ಅಷ್ಟಕೋಣದ ಮೇಲೆ ಆಟವು ಆರಂಭವಾಗಿ ಎರಡು ದಶಕಗಳು ಕಳೆದಿದ್ದುವು.

೫. ಗಾಲ್ಫ್ ಮೈದಾನವೂ ಡ್ರೋನೂ

ಈ ನೆಲವು ಆಟದ ಮೈದಾನವಾದ ಬಗೆ ಹೀಗಿದೆ. ೧೮೯೨ರಲ್ಲಿ ಅಲ್ಲಿಯ ನಾಗರಿಕರು ತಾವೇ ತೆರಿಗೆ ಹಾಕಿಕೊಂಡು ನೆಲವನ್ನು ಕೊಳ್ಳುವುದಕ್ಕೆ ಮತ ನೀಡಿದರು. ರಾಜ್ಯದ ಸೇನೆಯ ತರಬೇತಿಗೆ ಅದನ್ನು ಒದಗಿಸುವುದು ಉದ್ದೇಶವಾಗಿತ್ತು. ಸೈನಿಕರು ಬಿಟ್ಟುಹೋದ ಮೇಲೆ, ೧೯೧೦ರಲ್ಲಿ, ಇದನ್ನು ಮೌಂಡ್‌ಬಿಲ್ಡರ್ಸ್ ಕಂಟ್ರಿ ಕ್ಲಬ್ ಎಂಬ ಆಟಗಾರರ ಸಂಘಕ್ಕೆ ಗುತ್ತಿಗೆಗೆ ಕೊಟ್ಟರು. ಟಾಮ್ ಬೆಂಡೆಲೊ ಎಂಬ ವಿನ್ಯಾಸಕನು ಪ್ರಾಚೀನ ಏರಿಗಳೇ ಚೆಂಡಿಗೆ ಅಡ್ಡಿಗಳಾಗುವಂತೆ ಮೈದಾನವನ್ನು ಯೋಜಿಸಿದನು. ೧೯೩೩ರಲ್ಲಿ ನೆಲದ ಒಡೆತನವು ಒಹಾಯೊ ರಾಜ್ಯದ ಇತಿಹಾಸಸಂಸ್ಥೆಗೆ ಬಂದರೂ ಗುತ್ತಿಗೆಯು ಮುಂದುವರಿಯಿತು. ೧೯೯೭ರಲ್ಲಿ ಅದನ್ನು ೨೦೭೮ರ ವರೆಗೆ ವಿಸ್ತರಿಸಲಾಯಿತು. ಸಾರ್ವಜನಿಕರಿಗೆ ವರ್ಷದಲ್ಲಿ ಕೆಲವೇ ದಿನಗಳು ಪೂರ್ಣಪ್ರವೇಶವಿದ್ದು, ಉಳಿದಂತೆ ಒಂದು ಮರದ ಅಟ್ಟಣೆಯ ಮೇಲಿನಿಂದ ನೋಡುವಷ್ಟಕ್ಕೆ ಅವಕಾಶವಿತ್ತು.

ಮೈದಾನದ ಗುಣವನ್ನು ತೋರಿಸುವುದಕ್ಕಾಗಿ ತೆಗೆಯುವ ಡ್ರೋನ್‌ಚಿತ್ರಕ್ಕೆ ಒಂದು ನಿಯತವಾದ ಕ್ರಮವುಂಟು. ಚೆಂಡನ್ನು ಮೊದಲು ಹೊಡೆಯುವ ಜಾಗದಿಂದ ಹೊರಟು, ಹುಲ್ಲುದಾರಿಯ ಮೇಲೆ ಸಾಗಿ, ಧ್ವಜವಿರುವ ಕುಳಿಯನ್ನು ಮುಟ್ಟಿ, ಮತ್ತೆ ಮುಂದಿನ ಕುಳಿಗೆ ಹೊರಡುವುದು. ಇಂತಹ ಚಿತ್ರದಲ್ಲಿ ದೃಶ್ಯದ ಅನುಕ್ರಮವು ಆಟದ ಅನುಕ್ರಮವೇ ಆಗಿರುತ್ತದೆ. ನ್ಯೂಆರ್ಕಿನಂತಹ ಸ್ಥಳಕ್ಕೆ ಇದನ್ನು ಅನ್ವಯಿಸಿದರೆ ಅಷ್ಟಕೋಣವು ಖಂಡಖಂಡವಾಗಿ, ಒಂದೊಂದು ಕುಳಿಯ ಹಿನ್ನೆಲೆಯಾಗಿ ತೋರುವುದೇ ಹೊರತು ಅಷ್ಟಕೋಣವೆಂದು ತೋರದು. ವಸ್ತುವು ಚೌಕಟ್ಟಿನೊಳಗೆ ಇದ್ದರೂ ದೃಷ್ಟಿಯು ಬೇರೊಂದನ್ನು ಅನುಸರಿಸುತ್ತಿರುವುದೇ ಇದಕ್ಕೆ ಕಾರಣ.

ಇದಲ್ಲದೆ ಎತ್ತರದ ಪರಿಮಿತಿಯೂ ಉಂಟು. ಸಂಯುಕ್ತ ಸಂಸ್ಥಾನದಲ್ಲಿ ೨೦೧೬ರ ಆಗಸ್ಟ್ ತಿಂಗಳಲ್ಲಿ ಜಾರಿಗೆ ಬಂದ ನಿಯಮದಂತೆ ಸಣ್ಣ ಡ್ರೋನುಗಳು ಸಾಮಾನ್ಯವಾಗಿ ನೆಲದಿಂದ ೪೦೦ ಅಡಿಗಳಿಗಿಂತ ಮೇಲೆ ಹಾರಕೂಡದು. ಸುಮಾರು ೭೦ ಅಂಶಗಳಷ್ಟು ಅಗಲವನ್ನು ಗ್ರಹಿಸುವ ಮಸೂರವನ್ನು ೪೦೦ ಅಡಿ ಎತ್ತರದಲ್ಲಿ ನೇರವಾಗಿ ಕೆಳಮುಖವಾಗಿಟ್ಟರೆ ಅದಕ್ಕೆ ಕಾಣುವ ನೆಲದ ಅಗಲವು ಸುಮಾರು ೫೬೦ ಅಡಿ. ವರ್ತುಲದ ವ್ಯಾಸವೇ ೧೦೫೪ ಅಡಿಯಾಗಿರುವಾಗ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಒಂದು ಚಿತ್ರದಲ್ಲಿ ಹಿಡಿಯುತ್ತದೆ. ಇಡಿಯನ್ನು ಹಿಡಿಯಬೇಕಾದರೆ ದೂರದಲ್ಲಿ ನಿಂತು ಓರೆಯಾಗಿ ನೋಡಬೇಕು. ಆಗ ವೃತ್ತವು ದೀರ್ಘವೃತ್ತವಾಗಿಯೂ, ಸಮವಾದ ಬಾಹುಗಳು ವಿಷಮವಾಗಿಯೂ ತೋರುತ್ತವೆ. ಇಲ್ಲವೆ ಅನೇಕ ಚಿತ್ರಗಳನ್ನು ತೆಗೆದು ಒಂದಕ್ಕೊಂದು ಹೊಂದಿಸಬೇಕು; ಹಾಗೆ ಹೊಂದಿಸಿದುದು ಅಳತೆಗೆ ಸರಿಯಾಗಿದೆಯೆಂದು ತಿಳಿಯಲು ನೆಲದ ಮೇಲೆ ಮೊದಲೇ ಅಳೆದಿಟ್ಟ ಗುರುತುಗಳು ಬೇಕು. ಆದುದರಿಂದ ಡ್ರೋನ್ ತೋರಿಸುವ ಸಮಗ್ರಾಕೃತಿಯು ಕೇವಲ ಪ್ರತ್ಯಕ್ಷವಲ್ಲ. ಅಳತೆಯ ಸಹಾಯದಿಂದ ಸಂಘಟಿತವಾದುದು.

೬. ಅಳತೆಯಿಂದ ತಿಳಿದ ಅರ್ಥ

ಈ ರಚನೆಯ ಅರ್ಥವನ್ನು ಕುರಿತು ಅತಿ ಮುಖ್ಯವಾದ ಶೋಧವು ನಡೆದುದು ೧೯೮೨ರಲ್ಲಿ. ಅದು ಡ್ರೋನುಗಳಿಲ್ಲದ ಕಾಲ. ಅರ್ಲ್‌ಹ್ಯಾಮ್ ಕಾಲೇಜಿನ ಭೌತವಿಜ್ಞಾನಿ ರೇ ಹೈವ್ಲಿಯೂ ತತ್ತ್ವಶಾಸ್ತ್ರದ ಅಧ್ಯಾಪಕ ರಾಬರ್ಟ್ ಹಾರ್ನನೂ ಅಳತೆಗಳನ್ನು ಪರಿಶೀಲಿಸಿ ಎರಡು ಸಂಗತಿಗಳನ್ನು ಪ್ರಕಟಿಸಿದರು. ಮೊದಲನೆಯದು, ವರ್ತುಲದ ವ್ಯಾಸವಾದ ೧೦೫೪ ಅಡಿಯೇ ಈ ರಚನೆಯ ಮಾನವೆಂಬುದು. ಆ ಅಳತೆಯ ಭುಜವುಳ್ಳ ಚತುರಸ್ರವನ್ನು ಎಳೆದು, ಅದರ ಕರ್ಣವನ್ನೇ ತ್ರಿಜ್ಯವಾಗಿಟ್ಟುಕೊಂಡು ನಾಲ್ಕು ಮೂಲೆಗಳಿಂದ ಕಂಸಗಳನ್ನು ಎಳೆದರೆ, ಅವು ಸಂಧಿಸುವೆಡೆಗಳಲ್ಲಿ ಅಷ್ಟಕೋಣದ ಉಳಿದ ನಾಲ್ಕು ಮೂಲೆಗಳು ದೊರೆಯುತ್ತವೆ. ಹಗ್ಗ ಮತ್ತು ಗೂಟಗಳಿದ್ದರೆ ಇದು ಸಾಧ್ಯ.

ಶುಲ್ಬಸೂತ್ರಗಳನ್ನು ಬಲ್ಲವರಿಗೆ ಈ ಕ್ರಮವು ಅಪರಿಚಿತವಲ್ಲ. ಯಜ್ಞವೇದಿಗಳನ್ನು ಹಗ್ಗ ಗೂಟಗಳಿಂದಲೇ ಅಳೆಯುತ್ತಿದ್ದ ಬೌಧಾಯನನು ಚತುರಸ್ರವನ್ನು ಸಮಕ್ಷೇತ್ರದ ಮಂಡಲವಾಗಿ ಮಾರ್ಪಡಿಸುವುದಕ್ಕೂ ವಿಧಾನವನ್ನು ಹೇಳಿದ್ದಾನೆ: ಅರ್ಧಕರ್ಣವು ಅರ್ಧಭುಜವನ್ನು ಮೀರಿರುವ ಭಾಗದ ಮೂರನೆಯ ಒಂದಂಶವನ್ನು ಅರ್ಧಭುಜಕ್ಕೆ ಕೂಡಿಸಿದರೆ ವೃತ್ತದ ತ್ರಿಜ್ಯವು ಬರುತ್ತದೆ. ನ್ಯೂಆರ್ಕಿನಲ್ಲಿಯೂ ರೈಟ್ ಚತುರಸ್ರದ ಕ್ಷೇತ್ರಫಲವು ಅಷ್ಟಕೋಣದ ಬಳಿಯ ವರ್ತುಲದ ಕ್ಷೇತ್ರಫಲಕ್ಕೂ, ಅದರ ಸುತ್ತಳತೆಯು ಮಹಾವರ್ತುಲದ ಪರಿಧಿಗೂ ಬಹುಮಟ್ಟಿಗೆ ಸಮವಾಗಿವೆ. ಇದರಿಂದ ಈ ಎರಡು ಜನಾಂಗಗಳಿಗೆ ಸಂಪರ್ಕವಿದ್ದಿತೆಂದು ಊಹಿಸುವುದು ಸರಿಯಲ್ಲ. ಹಗ್ಗದಿಂದ ನೆಲವನ್ನು ಅಳೆಯುವವರೆಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳು ಎದುರಾಗುವುವೆಂದು ಇಟ್ಟುಕೊಳ್ಳುವುದೇ ಯುಕ್ತ.

ಎರಡನೆಯ ಸಂಗತಿಯು ಚಂದ್ರನಿಗೆ ಸಂಬಂಧಿಸಿದುದು. ಚಂದ್ರನ ಮಾರ್ಗವು ರವಿಮಾರ್ಗಕ್ಕೆ ಸುಮಾರು ೫ ಅಂಶಗಳಷ್ಟು ಓರೆಯಾಗಿದೆ. ಇವೆರಡೂ ಕೂಡುವ ಪಾತಗಳನ್ನೇ ರಾಹುಕೇತುಗಳೆನ್ನುತ್ತಾರೆ. ಸೂರ್ಯಸಿದ್ಧಾಂತದಂತೆ ೪೩,೨೦,೦೦೦ ವರ್ಷಗಳ ಮಹಾಯುಗದಲ್ಲಿ ಪಾತದ ಭಗಣಗಳು ೨,೩೨,೨೩೮; ಭಾಗಿಸಿದರೆ ಒಂದು ಸುತ್ತಿಗೆ ೧೮.೬ ವರ್ಷಗಳಾಗುತ್ತವೆ. ಇಂದಿನ ಖಗೋಳಶಾಸ್ತ್ರದ ಗಣನೆಯೂ ಇಷ್ಟೇ. ಈ ಚಕ್ರದಲ್ಲಿ ಒಂದು ಸಲ ಚಂದ್ರನ ಉತ್ತರಕ್ರಾಂತಿಯು ಸುಮಾರು ೨೮.೫ ಅಂಶಗಳನ್ನು ಮುಟ್ಟಿ, ಚಂದ್ರೋದಯವು ಕ್ಷಿತಿಜದಲ್ಲಿ ಅತ್ಯಂತ ಉತ್ತರದ ಬಿಂದುವಿಗೆ ಸರಿಯುತ್ತದೆ. ವರ್ತುಲ ಮತ್ತು ಅಷ್ಟಕೋಣಗಳನ್ನು ಸೀಳಿಕೊಂಡು ಹೋಗುವ ಮುಖ್ಯರೇಖೆಯು ಸುಮಾರು ಅರ್ಧ ಅಂಶದೊಳಗಿನ ಅಂತರದಲ್ಲಿ ಈ ಬಿಂದುವನ್ನೇ ತೋರಿಸುತ್ತದೆಯೆಂಬುದು ಹೈವ್ಲಿ–ಹಾರ್ನರ ಸಿದ್ಧಾಂತ. ಚಿಲಿಕೋಥಿ ಪಟ್ಟಣದ ಬಳಿಯ ಹೈ ಬ್ಯಾಂಕ್ ಎಂಬಲ್ಲಿ ಇಷ್ಟೇ ವ್ಯಾಸದ ವರ್ತುಲವೂ ಅದಕ್ಕೆ ಹೊಂದಿದ ಅಷ್ಟಕೋಣವೂ ಇದ್ದು, ಅದರ ಮುಖ್ಯರೇಖೆಯು ನ್ಯೂಆರ್ಕಿನ ರೇಖೆಗೆ ಸಮಕೋಣದಲ್ಲಿರುವುದು ಈ ವಾದಕ್ಕೆ ಬಲವನ್ನು ಕೊಡುತ್ತದೆ.

ಈ ಸಂಗತಿಯು ಯಾವ ಗಗನಚಿತ್ರದಿಂದಲೂ ನೇರವಾಗಿ ಹೊರಡುವಂತಹುದಲ್ಲ. ಮೇಲಿನಿಂದ ನೋಡಿದರೆ ರೇಖೆಯು ಕಾಣಬಹುದು. ಆದರೆ ರೇಖೆಯ ತುದಿಯಲ್ಲಿ ಚಂದ್ರನು ಹುಟ್ಟುವುದನ್ನು ಕಾಣಬೇಕಾದರೆ ನೆಲದ ಮೇಲೆ ನಿಂತು ಕ್ಷಿತಿಜವನ್ನು ನೋಡಬೇಕು. ಕಟ್ಟಿದವರು ನೋಡಿದುದೂ ಹಾಗೆಯೇ.

೭. ಪೂರ್ವಪಕ್ಷ ಮತ್ತು ಸಮಾಧಾನ

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಗಾಲ್ಫ್ ಸಂಘವು ಇಲ್ಲದಿದ್ದರೆ ಅಷ್ಟಕೋಣವೂ ಚತುರಸ್ರದಂತೆ ಮನೆಗಳ ಕೆಳಗೆ ಹೋಗುತ್ತಿತ್ತಲ್ಲವೇ ಎಂಬುದು ಮೊದಲನೆಯದು. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ನೂರು ವರ್ಷಗಳಿಗೂ ಮಿಕ್ಕಿ ಅಲ್ಲಿ ನೇಗಿಲು ಹೂಡಲಿಲ್ಲ; ಬೀದಿಗಳು ಹಾಯಲಿಲ್ಲ. ಆದರೆ ನೆಲವು ಸಾರ್ವಜನಿಕಸ್ವತ್ತಾದುದು ೧೮೯೨ರ ನಾಗರಿಕರ ಮತದಿಂದ. ಆಟವು ಬಂದುದು ತರುವಾಯ. ಮಹಾವರ್ತುಲವು ಸಾರ್ವಜನಿಕ ಉದ್ಯಾನವಾಗಿಯೇ ಉಳಿದು ಬಂದಿರುವುದನ್ನು ನೋಡಿದರೆ, ರಕ್ಷಣೆಗೆ ಆಟವೇ ಅವಶ್ಯವಾದ ಕಾರಣವಲ್ಲವೆಂದು ಸಿದ್ಧವಾಗುತ್ತದೆ.

ಉತ್ತಮವಾದ ಗಗನಚಿತ್ರಗಳು ಎಲ್ಲರಿಗೂ ದೊರೆಯುವಾಗ ಸ್ಥಳಪ್ರವೇಶವೇಕೆ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಸಮಾಧಾನವನ್ನು ನಮ್ಮ ಶಾಸ್ತ್ರಕಾರರ ಪರಿಭಾಷೆಯಲ್ಲಿಯೇ ಹೇಳಬಹುದು. ನೈಯಾಯಿಕರು ಪ್ರತ್ಯಕ್ಷವನ್ನು ನಿರ್ವಿಕಲ್ಪಕವೆಂದೂ ಸವಿಕಲ್ಪಕವೆಂದೂ ವಿಂಗಡಿಸುತ್ತಾರೆ. ನಾಮಜಾತ್ಯಾದಿಗಳ ಸಂಬಂಧವಿಲ್ಲದೆ ‘ಏನೋ ಒಂದು’ ಎಂಬಷ್ಟೇ ತೋರುವುದು ಮೊದಲನೆಯದು; ‘ಇದು ಇಂತಹುದು’ ಎಂದು ನಿಶ್ಚಯವಾಗುವುದು ಎರಡನೆಯದು. ಗಗನಚಿತ್ರವು ಒದಗಿಸುವುದು ಬಹುಮಟ್ಟಿಗೆ ಮೊದಲನೆಯ ಬಗೆಯ ಜ್ಞಾನ. ೨೦೧೮ರ ಬೇಸಗೆಯ ಅನಾವೃಷ್ಟಿಯಲ್ಲಿ ಐರ್ಲೆಂಡಿನ ನ್ಯೂಗ್ರೇಂಜ್ ಬಳಿಯ ಹೊಲವೊಂದರಲ್ಲಿ ಡ್ರೋನಿನ ಮೂಲಕ ಒಂದು ಅಜ್ಞಾತವಾದ ವರ್ತುಲವು ಕಂಡುಬಂದಿತು. ಅಲ್ಲಿ ಡ್ರೋನಿನ ಉಪಕಾರವು ನಿರ್ವಿವಾದ: ಯಾರಿಗೂ ಕಾಣದಿದ್ದುದನ್ನು ಅದು ಕಾಣಿಸಿತು. ನ್ಯೂಆರ್ಕಿನ ಸ್ಥಿತಿಯು ಬೇರೆ. ಅಲ್ಲಿ ಏರಿಗಳು ನೆಲದ ಮೇಲೆಯೇ ನಿಂತಿದ್ದುವು. ಕೊರತೆಯಾಗಿದ್ದುದು ಅವುಗಳ ನಡುವೆ ನಡೆಯುವ ಅಧಿಕಾರ.

ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನು ಪುಷ್ಪಕವಿಮಾನದಿಂದ ಸೀತೆಗೆ ಭೂಮಿಯನ್ನು ತೋರಿಸುತ್ತಾನೆ. ಸಮುದ್ರ, ಜನಸ್ಥಾನ, ಅವಳ ನೂಪುರವು ದೊರೆತ ಸ್ಥಳ, ಪಂಚವಟಿ, ಚಿತ್ರಕೂಟ, ಹೀಗೆ ಅವನ ಮಾತು ಸಾಗುತ್ತದೆ. ಅಷ್ಟು ಎತ್ತರದಿಂದ ಅವನು ಒಂದೊಂದನ್ನೂ ಗುರುತಿಸಿ ಹೇಳಬಲ್ಲವನಾದುದು ಆ ನೆಲದಲ್ಲಿ ಕಾಲ್ನಡೆಯಾಗಿ ತಿರುಗಿದ್ದುದರಿಂದ. ನಡೆಯದವನಿಗೆ ಅದೇ ನೋಟದಲ್ಲಿ ಕಾಡೂ ನದಿಯೂ ಕಾಣುತ್ತಿದ್ದುವೇ ಹೊರತು ಪಂಚವಟಿಯು ಕಾಣುತ್ತಿರಲಿಲ್ಲ.

೮. ನಿರ್ಣಯ

ನ್ಯೂಆರ್ಕಿನಲ್ಲಿ ಈ ಅಧಿಕಾರದ ಪ್ರಶ್ನೆಯು ಇತ್ಯರ್ಥವಾದುದು ನ್ಯಾಯಾಲಯದಲ್ಲಿ. ಅಷ್ಟಕೋಣವನ್ನು ಲೋಕಪರಂಪರೆಯ ಪಟ್ಟಿಗೆ ಸೇರಿಸಬೇಕಾದರೆ ಸಾರ್ವಜನಿಕ ಪ್ರವೇಶವು ಆವಶ್ಯಕವೆಂದು ಹೇಳಿ, ಯೋಗ್ಯವಾದ ಪರಿಹಾರವನ್ನು ಕೊಟ್ಟು ಗುತ್ತಿಗೆಯನ್ನು ವಶಪಡಿಸಿಕೊಳ್ಳಲು ಇತಿಹಾಸಸಂಸ್ಥೆಯು ೨೦೧೮ರಲ್ಲಿ ದಾವೆ ಹೂಡಿತು. ೨೦೨೨ರ ಡಿಸೆಂಬರ್ ೭ರಂದು ಒಹಾಯೊ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಸಂಸ್ಥೆಯ ಪರವಾಗಿ ತೀರ್ಪು ನೀಡಿತು. ೨೦೨೩ರ ಸೆಪ್ಟೆಂಬರ್ ತಿಂಗಳಲ್ಲಿ ರಿಯಾದಿನಲ್ಲಿ ಸೇರಿದ ಯುನೆಸ್ಕೊ ಸಮಿತಿಯು ಹೋಪ್‌ವೆಲ್ ಸಂಸ್ಕೃತಿಯ ಎಂಟು ಸ್ಥಳಗಳನ್ನು ಒಟ್ಟಾಗಿ ಪಟ್ಟಿಗೆ ಸೇರಿಸಿತು. ಪೂರ್ವ ಶಾನೀ ಕುಲದ ಮುಖ್ಯಸ್ಥೆ ಗ್ಲೆನ್ನಾ ವಾಲೆಸ್ ಮೊದಲಾದ ಮೂಲನಿವಾಸಿ ನಾಯಕರು ಇದಕ್ಕಾಗಿ ಬಹಿರಂಗವಾಗಿ ವಾದಿಸಿದ್ದರು. ೨೦೨೪ರಲ್ಲಿ ಪರಿಹಾರದ ವಿಷಯದಲ್ಲಿ ಉಭಯರಿಗೂ ಒಪ್ಪಂದವಾಗಿ, ೨೦೨೫ರ ಜನವರಿ ೧ರಿಂದ ಅಷ್ಟಕೋಣವು ಎಲ್ಲರಿಗೂ ತೆರೆಯಲ್ಪಟ್ಟಿತು. ಚಂದ್ರನ ೧೮.೬ ವರ್ಷದ ಚಕ್ರವು ಪರಮಾವಧಿಯನ್ನು ಮುಟ್ಟಿದುದೂ ೨೦೨೪–೨೫ರಲ್ಲಿಯೇ. ಮುಂದಿನ ಪರಮಾವಧಿಯು ಸುಮಾರು ೨೦೪೩ರಲ್ಲಿ ಬರುತ್ತದೆ.

ಇದುವರೆಗೆ ವಿಚಾರಿಸಿದುದರಿಂದ ಸಿದ್ಧವಾಗುವುದಿಷ್ಟು. ಗಗನಚಿತ್ರವು ಆಕೃತಿಗೆ ಸಾಕ್ಷಿ. ಪ್ರಮಾಣಕ್ಕೆ ಅಳತೆಯೇ ಸಾಕ್ಷಿ. ಕರ್ತೃವಿಗೆ ಉತ್ಖನನವೂ ವಂಶಪರಂಪರೆಯೂ ಸಾಕ್ಷಿ. ಪ್ರಯೋಜನಕ್ಕೆ ಅಲ್ಲಿ ನಿಂತು ನೋಡಿದವನ ಅನುಭವವು ಸಾಕ್ಷಿ. ಒಂದರ ಕೆಲಸವನ್ನು ಮತ್ತೊಂದಕ್ಕೆ ಹೊರಿಸಿದಾಗ ಲುಪ್ತಜನಾಂಗವಾದದಂತಹ ಭ್ರಾಂತಿಗಳು ಹುಟ್ಟಿದುವು. ಡ್ರೋನುಗಳಿಂದ ಪ್ರಾಚೀನಸ್ಥಳಗಳ ಚಿತ್ರಗಳು ಹೇರಳವಾಗಿ ಬರುತ್ತಿರುವ ಈ ಕಾಲದಲ್ಲಿ, ಶಿಲಾಶಾಸನದ ಪಾಠದೊಡನೆ ಅದರ ಸ್ಥಳ, ಅಳತೆ, ಲಿಪಿಗಳನ್ನು ಹೇಳುವ ನಿಯಮವಿರುವಂತೆ, ಪ್ರತಿಯೊಂದು ಗಗನಚಿತ್ರದೊಡನೆಯೂ ಅದನ್ನು ತೆಗೆದ ದಿನ, ಹೊತ್ತು, ಎತ್ತರ, ದಿಕ್ಕು, ನೇರವೋ ಓರೆಯೋ ಎಂಬ ವಿವರ ಮತ್ತು ನೆಲದ ಮಾನ ಇವುಗಳನ್ನು ನಮೂದಿಸತಕ್ಕದ್ದು. ಇವಿಲ್ಲದ ಚಿತ್ರವನ್ನು ಅಧ್ಯಾಪಕರು ಪಾಠದಲ್ಲಿ ಅಲಂಕಾರವಾಗಿ ಬಳಸಬಹುದು, ಪ್ರಮಾಣವಾಗಿ ಉಪಯೋಗಿಸಲಾಗದು.